ಸರೋವರದ ಊರು ಹುಡುಕ್ತಾ ಹಂಗಳದಲ್ಲಿ ಬಲಕ್ಕೆ ತಿರುಗಿದ್ವಿ

ನನ್ನ ಫೋನಿನ ಗ್ಯಾಲರಿ ತೆಗೆದ್ರೆ ನಲವತ್ತಕ್ಕೂ ಹೆಚ್ಚು ಸ್ಕ್ರೀನ್‌ಶಾಟ್ ಇದ್ವು. ಎಲ್ಲದರಲ್ಲೂ ಒಂದೇ ಚಿತ್ರ: ಒಂದು ಸರೋವರ, ದಡದಲ್ಲಿ ಪುಟ್ಟ ಊರು, ಹಿಂದೆ ಬೆಟ್ಟ. ರಾತ್ರಿ ಹನ್ನೊಂದಕ್ಕೆ ಕೊನೇ ಕಾಲ್ ಮುಗಿಸಿ, ಊಟದ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಇದನ್ನೇ ನೋಡ್ತಾ ಕೂರೋದು ಅಭ್ಯಾಸ ಆಗಿಬಿಟ್ಟಿತ್ತು. ಜುಲೈ ಕೊನೆಗೆ ನನಗೂ ನನ್ನ ಗಂಡನಿಗೂ ಒಟ್ಟಿಗೆ ನಾಲ್ಕು ದಿನ ರಜೆ ಸಿಕ್ಕಿತ್ತು. ಶನಿವಾರ, ಭಾನುವಾರ ಸೇರಿಸಿದ್ರೆ ಆರು ದಿನ. ಎರಡು ವರ್ಷದಲ್ಲಿ ಮೊದಲ ಸಲ.

"ಈ ಸಲ ಯುರೋಪ್" ಅಂತ ಇಬ್ಬರೂ ತೀರ್ಮಾನ ಮಾಡಿದ್ವಿ. ಹತ್ತು ದೇಶ ಓಡಾಡೋ ಪ್ಯಾಕೇಜ್ ಬೇಡ. ಒಂದು ಊರು, ಒಂದು ಸರೋವರ, ನಿಧಾನವಾಗಿ ಒಂದು ಕಾಫಿ. ಅಷ್ಟೇ ಸಾಕು.

ಮೂರು ಊರು, ಒಂದು ಎಕ್ಸೆಲ್ ಶೀಟ್

ಪಟ್ಟಿಯಲ್ಲಿ ಮೊದಲು ಆಸ್ಟ್ರಿಯಾದ ಹಾಲ್‌ಸ್ಟಾಟ್. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪ್ರದೇಶ. ರೈಲ್ವೆ ನಿಲ್ದಾಣ ಸರೋವರದ ಆಚೆ ದಡದಲ್ಲಿದೆ, ಊರಿಗೆ ದೋಣಿಯಲ್ಲಿ ಬರಬೇಕು. ಇದನ್ನ ಓದಿಯೇ ನಾನು ಅರ್ಧ ಹೊರಟುಬಿಟ್ಟಿದ್ದೆ. ಆಮೇಲೆ ಗೊತ್ತಾಯ್ತು, ಎಂಟು ನೂರು ಜನ ಕೂಡ ಇಲ್ಲದ ಈ ಊರಿಗೆ ಸೀಸನ್ನಿನಲ್ಲಿ ದಿನಕ್ಕೆ ಸಾವಿರಗಟ್ಟಲೆ ಜನ ಬರ್ತಾರೆ. 2023ರಲ್ಲಿ ಅಲ್ಲಿನವರೇ ಬೀದಿಗಿಳಿದು "ಪ್ರವಾಸಿಗರ ಸಂಖ್ಯೆಗೆ ಮಿತಿ ಹಾಕಿ" ಅಂತ ಪ್ರತಿಭಟನೆ ಮಾಡಿದ್ರು.

ಎರಡನೆಯದು ಸ್ಲೊವೇನಿಯಾದ ಬ್ಲೆಡ್. ಸರೋವರದ ನಡುವೆ ದ್ವೀಪ, ದ್ವೀಪದ ಮೇಲೆ ಚರ್ಚು, ಅದಕ್ಕೆ 99 ಮೆಟ್ಟಿಲು. ಸುತ್ತಲಿನ ದಾರಿ ಸುಮಾರು ಆರು ಕಿಲೋಮೀಟರ್, ಒಂದು ಬೆಳಗ್ಗೆಯಲ್ಲಿ ಆರಾಮಾಗಿ ಸುತ್ತಬಹುದು. ಮೂರನೆಯದು ಫ್ರಾನ್ಸಿನ ಆನ್ಸಿ. ಜಿನೀವಾ ಹತ್ತಿರ, ಊರೊಳಗೇ ಕಾಲುವೆ, ಪಕ್ಕದಲ್ಲಿ ತಿಳಿನೀರಿನ ದೊಡ್ಡ ಸರೋವರ.

ನನ್ನ ಗಂಡ ಎಕ್ಸೆಲ್ ಶೀಟ್ ತೆಗೆದ. ಅಲ್ಲಿಂದ ತಲೆನೋವು ಶುರುವಾಯ್ತು.

ಷೆಂಗೆನ್ ವೀಸಾ ಶುಲ್ಕ ತಲಾ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸೋ ಇನ್ಶೂರೆನ್ಸ್ ಕಡ್ಡಾಯ. ಅರ್ಜಿ ಪ್ರವಾಸಕ್ಕೆ ಕನಿಷ್ಠ 15 ದಿನ ಮೊದಲೇ ಹಾಕಿರಬೇಕು, ಆದ್ರೆ ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟೇ ಸುಲಭಕ್ಕೆ ಸಿಗಲ್ಲ. ಬೆಂಗಳೂರಿನ ಮನೆ ಬಾಗಿಲಿಂದ ಬ್ಲೆಡ್‌ನ ಹೋಟೆಲ್ ಬಾಗಿಲಿಗೆ, ನಡುವೆ ವಿಮಾನ ಬದಲಿಸೋದೂ ಸೇರಿ, ಹೆಚ್ಚು ಕಡಿಮೆ ಒಂದು ಹಗಲು ಒಂದು ರಾತ್ರಿ. ಬರೋದಕ್ಕೂ ಅಷ್ಟೇ. ಆರು ದಿನದಲ್ಲಿ ಎರಡು ದಿನ ದಾರಿಗೇ ಹೋಯ್ತು. ನಿದ್ದೆ ಕೆಟ್ಟ ಮೊದಲ ದಿನ ಲೆಕ್ಕಕ್ಕಿಲ್ಲ. ಉಳಿದಿದ್ದು ಮೂರು ದಿನ.

ಇನ್ನೊಂದು ವಿಷಯ ಆ ಶೀಟಿನಲ್ಲಿ ಇರಲಿಲ್ಲ. ಆರು ತಿಂಗಳ ಹಿಂದೆ ನನ್ನ ಅಪ್ಪನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ರು. ಅವತ್ತಿಂದ ನಂಜನಗೂಡಿನಿಂದ ಅಮ್ಮನ ಫೋನ್ ಹೊತ್ತಲ್ಲದ ಹೊತ್ತಲ್ಲಿ ಬಂದ್ರೆ ನನ್ನ ಕೈ ನಡುಗುತ್ತೆ. "ಹೋಗ್ಬನ್ನಿ, ನನಗೇನಾಗದೆ" ಅಂತ ಅಪ್ಪ ಹೇಳಿದ್ರು. ಹೇಳಿದ್ದಕ್ಕೆ ಇನ್ನೂ ಸಂಕಟ ಆಯ್ತು.

ನಮಗೆ ಬೇಕಾಗಿದ್ದು ಏನು?

ಒಂದು ಭಾನುವಾರ ನಂಜನಗೂಡಿನ ಮನೆಯಲ್ಲಿ ಕೂತು, ಊರಿನ ಹೆಸರುಗಳನ್ನೆಲ್ಲಾ ಪಕ್ಕಕ್ಕಿಟ್ಟು, ಅಲ್ಲಿ ಹೋಗಿ ಏನು ಮಾಡಬೇಕು ಅಂದ್ಕೊಂಡಿದೀವಿ ಅಂತ ಒಂದು ಹಾಳೆಯಲ್ಲಿ ಬರೆದ್ವಿ. ತಣ್ಣಗಿನ ಗಾಳಿ. ಗಾಡಿ ಸದ್ದು ಇರಬಾರದು. ಕಣ್ಣಿಗೆ ದೂರದವರೆಗೂ ಹಸಿರು ಕಾಣಬೇಕು. ಫೋನ್ ಮುಟ್ಟಬಾರದು. ದಿನಕ್ಕೆ ಒಂದೇ ಕೆಲಸ. ಬೇಗ ಮಲಗೋದು.

ಅಪ್ಪ ಕನ್ನಡಕ ಏರಿಸಿ ಹಾಳೆ ಓದಿದ್ರು. "ಇಷ್ಟಕ್ಕಾ ಮಗ? ಇದು ಗೋಪಾಲಸ್ವಾಮಿ ಬೆಟ್ಟದಲ್ಲೂ ಇರ್ಬೌದು" ಅಂದ್ರು. ಆಮೇಲೆ ಸಣ್ಣ ದನಿಯಲ್ಲಿ, "ನಾನಂತೂ ನೋಡಿಲ್ಲ."

ನನಗೆ ನಂಬಿಕೆ ಬರಲಿಲ್ಲ. ಅಪ್ಪ ಸರ್ಕಾರಿ ಬಸ್ ಡ್ರೈವರ್ ಆಗಿದ್ದವರು. ಅದರಲ್ಲಿ ಎಷ್ಟೋ ವರ್ಷ ಮೈಸೂರು–ಊಟಿ ಮಾರ್ಗ. ಗುಂಡ್ಲುಪೇಟೆ, ಹಂಗಳ, ಮೇಲುಕಾಮನಹಳ್ಳಿ, ಬಂಡೀಪುರ, ತೆಪ್ಪಕಾಡು, ಗೂಡಲೂರು ಅಂತ ನಿದ್ದೆಯಲ್ಲೂ ಹೇಳ್ತಾರೆ. ಬೆಟ್ಟಕ್ಕೆ ತಿರುಗೋ ಹಂಗಳದ ಮುಂದೆ ಸಾವಿರಾರು ಸಲ ಹಾದುಹೋಗಿದಾರೆ.

"ಬಸ್ಸಿನ ತುಂಬ ಜನ ಕೂರಿಸ್ಕೊಂಡು ನಾನೆಲ್ಲಿ ತಿರುಗಿಸ್ಲವ್ವ?" ಅಂತ ನಕ್ಕರು.

ಅಮ್ಮ ಒಳಗಿಂದ, "ರಜಾ ಇದ್ದಾಗ ಕರೀರಿ ಅಂದ್ರೆ, ಮತ್ತೆ ಅದೇ ರೋಡಾ ಅಂತಿದ್ರು" ಅಂದ್ರು.

ಅವತ್ತು ಎಕ್ಸೆಲ್ ಶೀಟ್ ಮುಚ್ಚಿದ್ವಿ.

ಹೂವಿನ ಹೊಲ, ಫೋಟೊ ಟಿಕೆಟ್

ಮೈಸೂರಿನಿಂದ ಗುಂಡ್ಲುಪೇಟೆ ಸುಮಾರು 60 ಕಿಲೋಮೀಟರ್. ನಂಜನಗೂಡು, ಬೇಗೂರು ದಾಟಿದ್ರೆ ಬಂದೇಬಿಡುತ್ತೆ. ಜುಲೈ ಆದ್ದರಿಂದ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಚೆಂಡು ಹೂ. ಹೊಲದ ಮುಂದೆ ಕೇರಳ ನೋಂದಣಿಯ ಕಾರುಗಳ ಸಾಲು. ಕೆಲವು ಹೊಲದವರು ಫೋಟೊ ತೆಗೆಯೋದಕ್ಕೆ ತಲೆಗಿಷ್ಟು ಅಂತ ದುಡ್ಡು ತಗೋತಾರೆ.

ಮೊದಲು "ಇದಕ್ಕೂ ದುಡ್ಡಾ" ಅನ್ನಿಸ್ತು. ಆಮೇಲೆ ನನ್ನ ಸ್ಕ್ರೀನ್‌ಶಾಟ್‌ಗಳಲ್ಲೇ ಇದ್ದ ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್ ನೆನಪಾಯ್ತು. ಬ್ರಿಯೆನ್ಜ್ ಸರೋವರದ ದಡದ ಪುಟ್ಟ ಹಳ್ಳಿ. 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ' ಅನ್ನೋ ಕೊರಿಯನ್ ಧಾರಾವಾಹಿಯ ಒಂದು ದೃಶ್ಯ ಅಲ್ಲಿನ ಮರದ ಕಟ್ಟೆಯ ಮೇಲೆ ಚಿತ್ರೀಕರಣ ಆಗಿದ್ದೇ ತಡ, ಜನ ಮುಗಿಬಿದ್ರು. 2023ರಲ್ಲಿ ಹಳ್ಳಿಯವರು ಆ ಕಟ್ಟೆಗೆ ಗೇಟ್ ಹಾಕಿ ಐದು ಫ್ರಾಂಕ್ ಶುಲ್ಕ ಇಟ್ರು. ಅಲ್ಲಿ ಅದನ್ನ "ಎಷ್ಟು ಶಿಸ್ತು" ಅಂತೀವಿ, ಗುಂಡ್ಲುಪೇಟೆಯ ರೈತ ಕೇಳಿದ್ರೆ ಮುಖ ಸಿಂಡರಿಸ್ತೀವಿ. ನಾವು ತುಳಿಯೋದು ಅವರ ಬೆಳೆ. ಆ ಚೆಂಡು ಹೂ ಬಣ್ಣ ತೆಗೆಯೋ ಕಾರ್ಖಾನೆಗೆ, ಓಣಂ ಹೊತ್ತಿಗೆ ಕೇರಳದ ಅಂಗಳಗಳಿಗೆ ಹೋಗಬೇಕಾದ್ದು. ನಾಲ್ಕು ಜನಕ್ಕೂ ದುಡ್ಡು ಕೊಟ್ವಿ. ಅಮ್ಮ ಹೂವಿನ ನಡುವೆ ನಿಂತು ಇಪ್ಪತ್ತು ಫೋಟೊ ತೆಗೆಸ್ಕೊಂಡ್ರು.

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹಂಗಳ. ಅಲ್ಲಿ ಅಪ್ಪ ಏನೂ ಮಾತಾಡಲಿಲ್ಲ. ನನ್ನ ಗಂಡ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗಿಸಿದ. ಅಪ್ಪ ಎಡಗಡೆ ತಿರುಗಿ, ಅವರು ಯಾವಾಗಲೂ ನೇರ ಹೋಗ್ತಿದ್ದ ರಸ್ತೆ ಹಿಂದೆ ಸರಿಯೋದನ್ನ ನೋಡಿದ್ರು.

ಕಾರು ಕೆಳಗೇ ಬಿಡಿ

ಬೆಟ್ಟದ ಬುಡದಲ್ಲಿ ಅರಣ್ಯ ಇಲಾಖೆಯ ಗೇಟ್. ಖಾಸಗಿ ವಾಹನ ಮೇಲಕ್ಕೆ ಬಿಡಲ್ಲ. ಕಾರು ಅಲ್ಲೇ ನಿಲ್ಲಿಸಿ ಸರ್ಕಾರಿ ಬಸ್ ಹತ್ತಬೇಕು. ಇದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಬೆಟ್ಟ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಬಂಡೀಪುರದ ಅತಿ ಎತ್ತರದ ಜಾಗ ಇದೇ, 1,454 ಮೀಟರ್.

ಬಸ್ಸಿನಲ್ಲಿ ಅಪ್ಪನಿಗೆ ಮುಂದಿನ ಸೀಟ್ ಸಿಕ್ತು. ಒಂದೊಂದು ತಿರುವು ಬಂದಾಗಲೂ ಅವರ ಬಲಗಾಲು ತಾನಾಗೇ ನೆಲ ಒತ್ತುತ್ತಿತ್ತು, ಬ್ರೇಕ್ ಅಲ್ಲೇ ಇದೆಯೇನೋ ಅನ್ನೋ ಹಾಗೆ. ಮೇಲೆ ಹೋಗ್ತಾ ಹೋಗ್ತಾ ಮರ ಕಡಿಮೆಯಾಗಿ ಹುಲ್ಲುಗಾವಲು ಶುರುವಾಯ್ತು. ಕಣಿವೆಯ ಮಡಿಕೆಗಳಲ್ಲಿ ಮಾತ್ರ ದಟ್ಟವಾದ ಶೋಲಾ ಕಾಡು. ಆಮೇಲೆ ಮಂಜು ಬಂದು ಎಲ್ಲಾ ಮುಚ್ಚಿಬಿಡ್ತು.

ಇಳಿದ ಮೇಲೆ ಮೆಟ್ಟಿಲು. ಅಪ್ಪ ಎರಡು ಕಡೆ ನಿಂತು ಸುಧಾರಿಸಿಕೊಂಡ್ರು. ನಾನು ಅವರ ಮುಖವನ್ನೇ ನೋಡ್ತಿದ್ದೆ. "ಬೆಟ್ಟ ನೋಡವ್ವ, ನನ್ನನ್ನೇನು ನೋಡೀಯೆ" ಅಂತ ಗದರಿದ್ರು.

ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು ಅಂತ ಹೇಳುವ, ಆಮೇಲೆ ಮೈಸೂರು ಒಡೆಯರು ನೋಡಿಕೊಂಡ ದೇವಸ್ಥಾನ ಇದು. ಗೋಪುರ ಚಿಕ್ಕದು. ಒಳಗೆ ಕೊಳಲು ಹಿಡಿದ ವೇಣುಗೋಪಾಲ, ಸುತ್ತ ಗೋವುಗಳು. ಗರ್ಭಗುಡಿಯ ಬಾಗಿಲ ಹತ್ತಿರ ತಣ್ಣೀರು ಜಿನುಗುತ್ತೆ, ಅರ್ಚಕರು ಅದನ್ನ ಪ್ರೋಕ್ಷಣೆ ಮಾಡ್ತಾರೆ. ಬೆಟ್ಟದಲ್ಲಿ ಸರೋವರ ಇಲ್ಲ, ಆದ್ರೆ ತೀರ್ಥಗಳ ಕಥೆ ಇದೆ. ಹಂಸತೀರ್ಥದಲ್ಲಿ ಮುಳುಗಿದ ಕಾಗೆ ಹಂಸವಾಯ್ತಂತೆ. ಅದಕ್ಕೇ ಈ ಬೆಟ್ಟದಲ್ಲಿ ಕಾಗೆ ಇರಲ್ಲ ಅಂತ ನಂಬಿಕೆ. ಅಮ್ಮ ಆಕಾಶ ನೋಡ್ತಾ ಕಾಗೆ ಹುಡುಕಿದ್ದೇ ಹುಡುಕಿದ್ದು.

ದೇವಸ್ಥಾನದ ಹಿಂದೆ ಬಂದಾಗ ಮಂಜು ಸರೀತು. ಎದುರಿಗೆ ಗುಡ್ಡದ ಮೇಲೆ ಗುಡ್ಡ. ತುಂಬ ದೂರದ ಇಳಿಜಾರಿನಲ್ಲಿ ಕಪ್ಪು ಚುಕ್ಕೆಗಳು. ಅಪ್ಪ ಮೊದಲು ಗುರುತಿಸಿದ್ದು: "ಆನೆ. ಮರಿನೂ ಅದೆ." ಎಷ್ಟೋ ವರ್ಷ ಅದೇ ಕಾಡಿನ ರಸ್ತೆಯಲ್ಲಿ ಆನೆ ಕಂಡ್ರೆ ಬಸ್ ಜೋಪಾನ ಮಾಡೋದೇ ಕೆಲಸ ಆಗಿತ್ತಂತೆ. ರಾತ್ರಿ ಒಂಬತ್ತಕ್ಕೆ ಗೇಟ್ ಬೀಳೋಕೆ ಮೊದಲು ಕಾಡು ದಾಟಬೇಕು ಅನ್ನೋ ಧಾವಂತ ಬೇರೆ. 2009ರಿಂದ ಬಂಡೀಪುರದಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಸಂಚಾರ ನಿಷೇಧ ಇದೆ. "ಗಡಿಯಾರ ನೋಡ್ದೆ ಆನೆ ನೋಡ್ತಿರೋದು ಇವತ್ತೇ ಕಣವ್ವ" ಅಂದ್ರು.

ಮುಕ್ಕಾಲು ಗಂಟೆ ಅಲ್ಲೇ ಕೂತಿದ್ವಿ. ಫೋನ್‌ಗೆ ಸಿಗ್ನಲ್ ಬರ್ತಾ ಹೋಗ್ತಾ ಇತ್ತು, ಯಾರೂ ತಲೆಕೆಡಿಸ್ಕೊಳ್ಳಲಿಲ್ಲ. ಹಾಳೆಯಲ್ಲಿ ಬರೆದ ಆರೂ ಬಂದಿದ್ವು.

ನಿಜ ಹೇಳ್ತೀನಿ

ಇದು ಬ್ಲೆಡ್‌ಗೆ ಬದಲಿ ಅಂತ ನಾನು ಹೇಳಲ್ಲ. ಬೆಟ್ಟದ ಮೇಲೆ ಉಳಿಯೋ ಹಾಗಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಎಲ್ಲರನ್ನೂ ಕೆಳಗಿಳಿಸ್ತಾರೆ. ಇಷ್ಟ ಬಂದ ಕಡೆ ನಡೆದುಹೋಗೋ ಹಾಗಿಲ್ಲ, ಇದು ಹುಲಿ, ಆನೆಗಳ ಮನೆ. ಕಾಫಿ ಹೀರುತ್ತಾ ಕೂರೋ ಕೆಫೆ ಇಲ್ಲ. ಭಾನುವಾರ, ಸಾಲು ರಜೆ, ಶ್ರಾವಣ ಶನಿವಾರ ಹೋದ್ರೆ ಬಸ್ಸಿಗೇ ಉದ್ದ ಸಾಲು. ನಾವು ಹೋಗಿದ್ದು ಮಂಗಳವಾರ.

ಆದ್ರೆ ಒಂದು ಮಾತು ಅಲ್ಲಿ ಅರ್ಥ ಆಯ್ತು. ನಮಗೆ ಆರಾಮ ಕೊಟ್ಟಿದ್ದು ಆ ಜಾಗದ ಕಟ್ಟುಪಾಡುಗಳೇ. ಕಾರು ಬಿಡಬೇಕು, ಬಸ್ಸಿಗೆ ಕಾಯಬೇಕು, ಒಂದೇ ಜಾಗದಲ್ಲಿ ಕೂರಬೇಕು, ಹೊತ್ತಾದ್ರೆ ಇಳೀಬೇಕು. ಹಾಲ್‌ಸ್ಟಾಟ್‌ನವರು ಕೇಳ್ತಿರೋದೂ ಇಂಥ ಮಿತಿಯನ್ನೇ.

ಸಣ್ಣ ರಜೆಗೆ ಊರು ಆರಿಸೋರಿಗೆ

• ಮೊದಲು ಊರಿನ ಹೆಸರು ಬೇಡ. ಅಲ್ಲಿ ಏನು ಮಾಡ್ತೀರ ಅಂತ ಬರೀರಿ. ಆಮೇಲೆ ಊರು ಹುಡುಕಿ.
• ರಜೆಯ ಮೂರರಲ್ಲಿ ಒಂದು ಭಾಗ ದಾರಿಗೇ ಹೋಗುತ್ತೆ ಅಂದ್ರೆ ಆ ಊರನ್ನ ದೊಡ್ಡ ರಜೆಗೆ ಎತ್ತಿಡಿ. ಯುರೋಪಿನ ಸರೋವರಕ್ಕೆ ಒಂಬತ್ತು ದಿನವಾದ್ರೂ ಇರಲಿ.
• ಎಲ್ಲಿಗೆ ಹೋದ್ರೂ ಒಂದೇ ಊರಲ್ಲಿ ಉಳಿಯಿರಿ. ದಿನಾ ಹೋಟೆಲ್ ಬದಲಿಸೋದು ರಜೆಯಲ್ಲ, ಮನೆ ಖಾಲಿ ಮಾಡೋ ಕೆಲಸ.
• ಬೆಟ್ಟಕ್ಕಾದ್ರೆ ಗುಂಡ್ಲುಪೇಟೆಯಲ್ಲೋ ಸುತ್ತಲಿನ ಹೋಮ್‌ಸ್ಟೇಯಲ್ಲೋ ಎರಡು ರಾತ್ರಿ ಸಾಕು. ಬೆಳಗಿನ ಮೊದಲ ಬಸ್ಸುಗಳಲ್ಲೇ ಹೋಗಿ. ಹೊರಡೋ ಮುಂಚೆ ಬಸ್ಸಿನ ಸಮಯ ವಿಚಾರಿಸಿ.
• ಸ್ವೆಟರ್ ಜುಲೈನಲ್ಲೂ ಬೇಕು. ಪ್ಲಾಸ್ಟಿಕ್ ಬೇಡ. ಪ್ರಾಣಿಗಳಿಗೆ ತಿನ್ನೋಕೆ ಏನೂ ಕೊಡಬೇಡಿ.
• ಹಿರಿಯರು, ಹೃದಯದ ತೊಂದರೆ ಇರೋರು ಇದ್ರೆ ಡಾಕ್ಟರನ್ನ ಕೇಳಿಕೊಂಡೇ ಹೊರಡಿ. ಮೆಟ್ಟಿಲಲ್ಲಿ ಅವಸರ ಬೇಡ.

ಬ್ಲೆಡ್ ಕೈಬಿಟ್ಟಿಲ್ಲ. ಮುಂದಿನ ವರ್ಷ, ಜನಜಂಗುಳಿ ಕಡಿಮೆ ಇರೋ ಸೆಪ್ಟೆಂಬರ್‌ನಲ್ಲಿ, ಅದೊಂದೇ ಊರಿಗೆ ಅಂತ ಮಾತಾಡ್ಕೊಂಡಿದೀವಿ. ಸ್ಕ್ರೀನ್‌ಶಾಟ್ ಮಾತ್ರ ಮೂರಕ್ಕೆ ಇಳಿದಿದೆ.

ವಾಪಸ್ ಬರ್ತಾ ಹಂಗಳದಲ್ಲಿ ಊಟಿ ಕಡೆ ಹೊರಟ ಬಸ್ಸೊಂದು ಎದುರಾಯ್ತು. ಅಪ್ಪ ಕಿಟಕಿಯಿಂದ ಕೈ ಎತ್ತಿದ್ರು. ಡ್ರೈವರ್ ಯಾರೋ ಹೊಸ ಹುಡುಗ, ಅವನೂ ಕೈ ಎತ್ತಿದ. "ಅವನಿಗೆ ಹೇಳ್ಬೇಕಿತ್ತು" ಅಂದ್ರು ಅಪ್ಪ. "ಏನಂತ?" ಅಂದೆ.

"ರಜಾ ಇದ್ದಾಗ ಒಂದ್ಸಲ ತಿರುಗ್ಸು ಅಂತ."

ನಿಮ್ಮ ಮನೆಯವರು ದಿನಾ ಹಾದುಹೋಗಿಯೂ ತಿರುಗದೇ ಉಳಿದ ಕ್ರಾಸ್ ಯಾವುದು? ಕೇಳಿ ನೋಡಿ, ನಮಗೂ ಬರೆದು ತಿಳಿಸಿ.