ಕಾವಲಿಗೆ ನಿಂತ ಹಳೆಯ ಗಣಕಯಂತ್ರ

2003ರ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ಗಣಕಹುಳುವೊಂದು ಅಂತರಜಾಲದಲ್ಲಿ ಹರಡಿತು. ಕೇವಲ 376 ಬೈಟುಗಳಷ್ಟಿದ್ದ ಆ ಪುಟ್ಟ ಕ್ರಮವಿಧಿಯು ತನ್ನ ದಾಳಿಗೆ ಸಿಕ್ಕಬಹುದಾಗಿದ್ದ ಯಂತ್ರಗಳಲ್ಲಿ ಬಹುಪಾಲನ್ನು ಹತ್ತೇ ನಿಮಿಷಗಳಲ್ಲಿ ಆಕ್ರಮಿಸಿತು. ಗಣಕಯಂತ್ರಕ್ಕೆ ‘ಪೋರ್ಟ್’ಗಳೆಂಬ, ಸಂಖ್ಯೆಗಳಿಂದ ಗುರುತಿಸಲಾಗುವ ಬಾಗಿಲುಗಳಿವೆ. ಸ್ಲ್ಯಾಮರ್ ನುಗ್ಗಿದುದು 1434ನೆಯ ಬಾಗಿಲಿನಿಂದ. ಅದನ್ನು ಹೊರಗಿನವರಿಗೆ ಮುಚ್ಚಿದ್ದ ಕಡೆ ಹುಳುವಿಗೆ ನೇರವಾಗಿ ಒಳಬರಲು ದಾರಿ ಸಿಗಲಿಲ್ಲ.

ಇಂತಹ ಬಾಗಿಲುಗಳನ್ನು ಕಾಯುವ ಏರ್ಪಾಡಿಗೆ ‘ಫೈರ್‌ವಾಲ್’ ಎಂದು ಹೆಸರು. ಒಂದು ಕಡೆ ಬಿದ್ದ ಬೆಂಕಿ ಪಕ್ಕಕ್ಕೆ ಹಬ್ಬದಂತೆ ಕಟ್ಟುವ ಗೋಡೆಯ ಹೆಸರೇ ಇದಕ್ಕೂ ಬಂದಿದೆ. ಆದರೆ ಇದನ್ನು ಗೋಡೆಯೆನ್ನುವುದಕ್ಕಿಂತ ಸುಂಕದ ಕಟ್ಟೆಯೆನ್ನುವುದೇ ಹೆಚ್ಚು ಒಪ್ಪುತ್ತದೆ. ಇದು ಎಲ್ಲವನ್ನೂ ತಡೆಯುವುದಿಲ್ಲ, ಪರೀಕ್ಷಿಸಿ ಬಿಡುತ್ತದೆ.

ಇದನ್ನು ಮನೆಯಲ್ಲಿಯೇ ಸಿದ್ಧಪಡಿಸಬಹುದು. ಮೂಲೆಗೆ ಸೇರಿದ 64 ಬಿಟ್‌ನ ಹಳೆಯ ಗಣಕಯಂತ್ರವೊಂದಿದ್ದರೆ ಸಾಕು. ಅದಕ್ಕೆ ಎರಡು ನೆಟ್‌ವರ್ಕ್ ಕಾರ್ಡುಗಳು ಅವಶ್ಯ: ಒಂದು ಹೊರಗಿನ ತಂತಿಗೆ, ಇನ್ನೊಂದು ಮನೆಯ ಯಂತ್ರಗಳಿಗೆ. ಇವೆರಡರ ನಡುವೆ ಬೇರಾವ ಹಾದಿಯೂ ಇರಕೂಡದು. ಮ್ಯಾನುಯೆಲ್ ಕ್ಯಾಸ್ಪರ್ ಎಂಬವರು 2003ರಲ್ಲಿ ಹೊರತಂದ ‘ಮೊನೊವಾಲ್’ ಈ ಕಾರ್ಯಕ್ಕೆಂದೇ ರಚಿತವಾದ ಉಚಿತ ತಂತ್ರಾಂಶ. ಅದು 2015ರಲ್ಲಿ ನಿಂತುಹೋದರೂ ಅದರ ಪರಂಪರೆಯ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್‌ಗಳು ಬಳಕೆಯಲ್ಲಿವೆ. ಒಮ್ಮೆ ಅಣಿಗೊಳಿಸಿದ ಬಳಿಕ ಯಂತ್ರಕ್ಕೆ ಪರದೆಯೂ ಬೇಡ, ಕೀಲಿಮಣೆಯೂ ಬೇಡ.

ಈ ಕಾವಲುಗಾರನ ಬಲವೆಲ್ಲ ಅದರ ನೆನಪಿನಲ್ಲಿದೆ. ಜಾಲದಲ್ಲಿ ಮಾಹಿತಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ಸಂಚರಿಸುತ್ತದೆ. ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು, ಯಾವ ಬಾಗಿಲಿಗೆ ಎಂಬ ವಿವರ ಪ್ರತಿ ಪೊಟ್ಟಣದ ಮೇಲೂ ಇರುತ್ತದೆ. ಮನೆಯ ಬಾಲಕಿಯೊಬ್ಬಳು ಪಾಠಕ್ಕೆ ಬೇಕಾದ ಪುಟವೊಂದನ್ನು ಕೇಳಿದಳೆನ್ನಿ. ಆ ಬೇಡಿಕೆ ಹೊರಡುವಾಗಲೇ ಕಾವಲು ಯಂತ್ರವು ಅದನ್ನು ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬಂದೊಡನೆ ಗುರುತಿಗೆ ತಾಳೆ ನೋಡಿ ಒಳಬಿಡುತ್ತದೆ. ಯಾರೂ ಕೇಳದೆ ತಾನಾಗಿಯೇ ಬಂದ ಪೊಟ್ಟಣವಾದರೆ, ಒಡೆಯನು ಬರೆದಿಟ್ಟ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಯಾವ ನಿಯಮವೂ ಅನುಮತಿಸದಿದ್ದರೆ ಸದ್ದಿಲ್ಲದೆ ಬಿಸಾಡುತ್ತದೆ. ಅನುಮತಿಯ ನಿಯಮಗಳು ಕಡಿಮೆಯಿದ್ದಷ್ಟೂ ಕಾವಲು ಬಿಗಿ.

ಹಳೆಯ ಯಂತ್ರ ಪುಕ್ಕಟೆ ಸಿಕ್ಕರೂ ಅದು ಸೆಳೆಯುವ ವಿದ್ಯುತ್ತು ಪುಕ್ಕಟೆಯಲ್ಲ. 60 ವಾಟ್ ಬಳಸುವ ಯಂತ್ರವು ಹಗಲಿರುಳೂ ನಡೆದರೆ ತಿಂಗಳಿಗೆ ಸುಮಾರು 43 ಯೂನಿಟ್ಟುಗಳಾಗುತ್ತವೆ. ಒಳಗಿನ ಬೀಸಣಿಗೆಗೆ ಮೆತ್ತಿದ ಧೂಳನ್ನೂ ಆಗಾಗ ತೆಗೆಯಬೇಕು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಮನೆಯವರೇ ಅರಿಯದೆ ಕೇಡಿನ ಕಡತವೊಂದನ್ನು ತರಿಸಿಕೊಂಡರೆ, ಕಾವಲು ಯಂತ್ರದ ಲೆಕ್ಕದಲ್ಲಿ ಅದೂ ಕೇಳಿ ತರಿಸಿದ ಸರಕೇ. ಆದ್ದರಿಂದ ಒಳಗಿನ ಯಂತ್ರಗಳ ತಂತ್ರಾಂಶದ ದೋಷಗಳನ್ನೂ ಕಾಲಕಾಲಕ್ಕೆ ಸರಿಪಡಿಸಿಕೊಳ್ಳಬೇಕಾಗುತ್ತದೆ. ಸ್ಲ್ಯಾಮರ್ ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು 2002ರ ಜುಲೈ ತಿಂಗಳಲ್ಲಿಯೇ, ಎಂದರೆ ದಾಳಿಗೆ ಆರು ತಿಂಗಳು ಮೊದಲೇ, ಪರಿಹಾರವನ್ನು ಒದಗಿಸಿತ್ತು.