ಮರದ ಕಾಲು, ಉಕ್ಕಿನ ಹಳಿ

ಶಕ್ತಿನಿತ್ಯತೆಯ ನಿಯಮವನ್ನು ಬೋಧಿಸುವಾಗ ನಾವು ಕರಿಹಲಗೆಯ ಮೇಲೆ ರೋಲರ್ ಕೋಸ್ಟರಿನ ಚಿತ್ರವೊಂದನ್ನು ಬರೆಯುವುದುಂಟು. ಏರಿಳಿಯುವ ಒಂದು ಗೆರೆ, ಅದರ ಮೇಲೊಂದು ಪುಟ್ಟ ಬಂಡಿ. ಮೇಲೆ ಸ್ಥಿತಿಶಕ್ತಿ, ಕೆಳಗೆ ಚಲನಶಕ್ತಿ. ಲೆಕ್ಕ ಮುಗಿದೊಡನೆ ಚಿತ್ರವನ್ನು ಅಳಿಸಿಬಿಡುತ್ತೇವೆ. ಆ ಗೆರೆಗೆ ದಪ್ಪವಿಲ್ಲ, ತೂಕವಿಲ್ಲ, ಸವೆತವಿಲ್ಲ. ಅದು ಯಾವುದರಿಂದ ಮಾಡಿದ್ದೆಂದು ಯಾವ ವಿದ್ಯಾರ್ಥಿಯೂ ನಮ್ಮನ್ನು ಈವರೆಗೆ ಕೇಳಿದ್ದಿಲ್ಲ. ಆದರೆ ಅದೇ ಗೆರೆಯನ್ನು ನೆಲದ ಮೇಲೆ ನಿಲ್ಲಿಸಿ, ಅದರ ಮೇಲೆ ಜನರನ್ನು ಕೂರಿಸಬೇಕಾದ ಎಂಜಿನಿಯರನಿಗೆ ಮೊದಲು ಎದುರಾಗುವ ಪ್ರಶ್ನೆಯೇ ಅದು: ಮರವೋ, ಉಕ್ಕೋ?

ಅಮೆರಿಕದಲ್ಲಿ ಬಹುಕಾಲ ಇದಕ್ಕೆ ಮರವೆಂಬುದೇ ಉತ್ತರವಾಗಿತ್ತು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ತೆರೆದ ಇಳಿಜಾರು ಬಂಡಿ ಗಂಟೆಗೆ ಆರು ಮೈಲಿ ಓಡುತ್ತಿತ್ತು. ಸುಮಾರಾಗಿ ಓಡಬಲ್ಲವನು ಅದನ್ನು ಹಿಂದೆ ಹಾಕಬಹುದು. 1959ರಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ ಉಕ್ಕಿನ ಕೊಳವೆಯನ್ನೇ ಹಳಿಯಾಗಿ ಬಳಸಿದ ಕೋಸ್ಟರ್ ಬಂದಿತು. ಅಲ್ಲಿಂದ ಮುಂದೆ ಮರದ ಪಂಗಡ, ಉಕ್ಕಿನ ಪಂಗಡ ಎಂದು ಎರಡಾದವು. ಈ ಎರಡನ್ನೂ ಕೂಡಿಸಿದ ಮಿಶ್ರರಚನೆಯನ್ನು ಇಂದು ಹೈಬ್ರಿಡ್ ಕೋಸ್ಟರ್ ಎನ್ನುತ್ತಾರೆ.

ಮೊದಲು ಮರದ ಕೋಸ್ಟರಿನ ಹಳಿಯನ್ನು ನೋಡೋಣ. ಪೈನ್ ಮರದ ಹಲಗೆಗಳನ್ನು ಬೇಕಾದ ವಕ್ರಕ್ಕೆ ಬಾಗಿಸಿ, ಏಳೆಂಟು ಪದರಗಳನ್ನು ಒಂದರ ಮೇಲೊಂದು ಹೇರಿ ಬಿಗಿಯುತ್ತಾರೆ. ಚಕ್ರ ತಾಗುವೆಡೆಯಲ್ಲಿ ಮಾತ್ರ ಉಕ್ಕಿನ ತೆಳುವಾದ ಪಟ್ಟಿ. ನಮ್ಮ ಎತ್ತಿನ ಗಾಡಿಯ ಗಾಲಿಯನ್ನು ನೆನೆಯಿರಿ. ಅದರ ಮೈಯೆಲ್ಲ ಮರ. ನೆಲಕ್ಕೆ ತಾಗುವ ಅಂಚಿಗೆ ಕಬ್ಬಿಣದ ಹಳಿ. ಗಾಲಿಯ ಪಟ್ಟಿಗೂ ರೈಲಿನ ಕಂಬಿಗೂ ಕನ್ನಡದಲ್ಲಿ ಹಳಿ ಎಂಬ ಒಂದೇ ಮಾತು ಸಲ್ಲುವುದು ಇಲ್ಲಿ ನಮಗೆ ಅನುಕೂಲವೇ ಆಯಿತು. ಅಂದಮೇಲೆ ಮರದ ಕೋಸ್ಟರಿನಲ್ಲಿಯೂ ಉಕ್ಕು ಮೊದಲಿನಿಂದ ಇದ್ದೇ ಇದೆ. ಆದರೆ ಆ ಪಟ್ಟಿ ಸವೆತವನ್ನು ತಡೆಯುತ್ತದೆಯೇ ಹೊರತು ಭಾರವನ್ನು ಹೊರುವುದಿಲ್ಲ. ಹೊರುವುದು ಅದರಡಿಯ ಹಲಗೆಗಳೇ.

ಇಲ್ಲಿಯೇ ತೊಡಕಿರುವುದು. ಮರದ ಬಲ ಎಲ್ಲ ದಿಕ್ಕಿನಲ್ಲೂ ಒಂದೇ ಅಲ್ಲ. ಸೌದೆ ಒಡೆದು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಣಗಿದ ಪೈನ್ ಮರ ನಾರಿನ ಉದ್ದಕ್ಕೆ ತಾಳುವ ಒತ್ತಡದ ಸುಮಾರು ಎಂಟೊಂಬತ್ತರಲ್ಲೊಂದು ಪಾಲನ್ನು ಮಾತ್ರ ನಾರಿಗೆ ಅಡ್ಡವಾಗಿ ತಾಳಬಲ್ಲುದು. ನೆಟ್ಟಗೆ ನಿಂತ ಕಂಬದಲ್ಲಿ ಭಾರ ನಾರಿನ ಉದ್ದಕ್ಕೆ ಇಳಿಯುತ್ತದೆ. ಮಲಗಿಸಿದ ಹಲಗೆಯ ಮೇಲೆ ಚಕ್ರ ಒತ್ತುವುದು ನಾರಿಗೆ ಅಡ್ಡವಾಗಿ. ನೀರು ಹೀರಿದಾಗ ಮರ ಹಿಗ್ಗುವುದೂ ಹೆಚ್ಚಾಗಿ ಈ ಅಡ್ಡದಿಕ್ಕಿನಲ್ಲಿಯೇ. ಒಂದೇ ಮರ ಕಾಲಾಗಿ ನಿಂತಲ್ಲಿ ತನ್ನ ಬಲವನ್ನೂ ಹಳಿಯಾಗಿ ಮಲಗಿದಲ್ಲಿ ತನ್ನ ದೌರ್ಬಲ್ಯವನ್ನೂ ತೋರುತ್ತದೆ.

ಹಳಿಗೆ ಬೀಳುವ ಭಾರವೆಷ್ಟು? ಬಂಡಿ ಸೆಕೆಂಡಿಗೆ 25 ಮೀಟರ್ ವೇಗದಿಂದ 25 ಮೀಟರ್ ತ್ರಿಜ್ಯದ ತಗ್ಗೊಂದನ್ನು ದಾಟುತ್ತಿದೆ ಎನ್ನೋಣ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ವೇಗೋತ್ಕರ್ಷ ಗುರುತ್ವದ ಎರಡೂವರೆ ಪಟ್ಟಿನಷ್ಟಾಗುತ್ತದೆ. ಬಂಡಿಯ ಸ್ವಂತ ತೂಕವನ್ನೂ ಸೇರಿಸಿದರೆ ಹಳಿಯ ಮೇಲಿನ ಒತ್ತಡ ಆ ತೂಕದ ಮೂರೂವರೆ ಪಟ್ಟು. ದಿನವಿಡೀ ಓಡುವ ಬಂಡಿಗಳೆಲ್ಲ ಇದೇ ತಗ್ಗಿನಲ್ಲಿ, ಇದೇ ಜಾಗವನ್ನು ಜಜ್ಜುತ್ತವೆ. ಹಲಗೆ ಕುಗ್ಗುತ್ತದೆ, ಮೊಳೆ ಸಡಿಲುತ್ತದೆ, ಹಳಿಯಲ್ಲಿ ಸಣ್ಣದೊಂದು ಅಲೆ ಏಳುತ್ತದೆ. ಎರಡು ಮೀಟರ್ ಉದ್ದದ ಅಲೆಯೊಂದು ಸರಿಮಟ್ಟದಿಂದ ಅರ್ಧ ಸೆಂಟಿಮೀಟರ್ ಮೇಲಕ್ಕೂ ಅಷ್ಟೇ ಕೆಳಕ್ಕೂ ಸರಿದಿದ್ದರೆ ಏನಾದೀತು? ಕಣ್ಣಿಗೆ ಕಾಣುವುದೂ ಕಷ್ಟವಾದ ಅಲೆ ಅದು. ಆದರೆ ಅದೇ ವೇಗದಲ್ಲಿ ಬಂಡಿ ಸೆಕೆಂಡಿಗೆ ಹನ್ನೆರಡೂವರೆ ಸಲ ಕುಲುಕುತ್ತದೆ. ಸರಳ ಸಂಗತ ಚಲನೆಯ ಸೂತ್ರವನ್ನು ಹಚ್ಚಿ ನೋಡಿ: ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 31 ಮೀಟರ್, ಅಂದರೆ ಗುರುತ್ವದ ಮೂರು ಪಟ್ಟು! ಪ್ರಯಾಣಿಕರ ಬೆನ್ನು ಕತ್ತುಗಳಿಗೆ ಬಡಿಯುವ ಈ ಹೊಡೆತ ಹಳಿಗೂ ಬಡಿಯುತ್ತದೆ. ಅಲೆ ಇನ್ನಷ್ಟು ಆಳವಾಗುತ್ತದೆ. ಆಳವಾದಷ್ಟೂ ಹೊಡೆತ ಬಲಿಯುತ್ತದೆ.

ಇದು ಬರಿಯ ಕಾಗದದ ಲೆಕ್ಕವಲ್ಲ. ಒಹಾಯೊ ಸಂಸ್ಥಾನದ ಕಿಂಗ್ಸ್ ಐಲೆಂಡಿನಲ್ಲಿ 2000ದಲ್ಲಿ ‘ಸನ್ ಆಫ್ ಬೀಸ್ಟ್’ ಎಂಬ ಮರದ ಕೋಸ್ಟರನ್ನು ತೆರೆದರು. ಅದರ ಎತ್ತರ 218 ಅಡಿ. ಮರದ ಕೋಸ್ಟರುಗಳಲ್ಲೆಲ್ಲ ಅದೇ ಎತ್ತರವಾದುದು. 2006ರ ಜುಲೈ ತಿಂಗಳಿನಲ್ಲಿ ಅದರ ಚೌಕಟ್ಟಿನ ಮರ ಬಿರಿದು ಹಳಿಯಲ್ಲಿ ತಗ್ಗು ಬಿದ್ದಿತು; ಅದರ ಮೇಲೆ ಹಾದುಹೋದ ಬಂಡಿಯಲ್ಲಿ 27 ಮಂದಿ ಗಾಯಗೊಂಡರು. ಮುಂದಿನ ವರ್ಷ ಹಗುರವಾದ ಬಂಡಿಗಳನ್ನು ತಂದು ಓಡಿಸಿದರಾದರೂ 2009ರಲ್ಲಿ ಅದು ನಿಂತೇಹೋಯಿತು, 2012ರಲ್ಲಿ ಕೆಡವಿದರು. ಮರವನ್ನೂ ಅದು ತಾಳಲಾರದ ಎತ್ತರಕ್ಕೆ ಏರಿಸಿದರೆ ಮರವೇನು ಮಾಡೀತು?

ಮುಪ್ಪಾದ ಮರದ ಕೋಸ್ಟರುಗಳಿಗೆಲ್ಲ ಇದೇ ಗತಿಯೆಂದು ತೋರುತ್ತಿದ್ದ ಕಾಲದಲ್ಲಿ ಟೆಕ್ಸಾಸಿನ ಆರ್ಲಿಂಗ್ಟನ್ನಿನಲ್ಲಿ ಬೇರೊಂದು ದಾರಿಯನ್ನು ಹಿಡಿದರು. ಅಲ್ಲಿ 1990ರಿಂದ ಓಡುತ್ತಿದ್ದ ‘ಟೆಕ್ಸಾಸ್ ಜೈಂಟ್’ ಕೋಸ್ಟರನ್ನು 2009ರಲ್ಲಿ ನಿಲ್ಲಿಸಿ, ಮರದ ಹಳಿಯನ್ನು ಕಿತ್ತುಹಾಕಿದರು. ಚೌಕಟ್ಟಿನ ಬಹುಭಾಗವನ್ನು ಉಳಿಸಿಕೊಂಡರು. ಅದರ ಮೇಲೆ ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಎಂಬ ಸಂಸ್ಥೆ ಉಕ್ಕಿನ ಹೊಸ ಹಳಿಯನ್ನು ಹಾಸಿತು. 2011ರಲ್ಲಿ ಅದು ಮತ್ತೆ ಓಡತೊಡಗಿತು. ಮರದ ಕಾಲಿನ ಮೇಲೆ ಉಕ್ಕನ್ನು ಹಾಸಿದ್ದು ಇದೇ ಮೊದಲೇನಲ್ಲ. ಒಹಾಯೊದ ಸೀಡರ್ ಪಾಯಿಂಟಿನ ‘ಜೆಮಿನಿ’ 1978ರಲ್ಲಿಯೇ ಹಾಗೆ ಹುಟ್ಟಿತ್ತು. ಅಲ್ಲಿದ್ದುದು ಉಕ್ಕಿನ ಕೊಳವೆ. ಟೆಕ್ಸಾಸಿನ ಹಳಿಯನ್ನಾದರೋ ದಪ್ಪನೆಯ ಉಕ್ಕಿನ ತಗಡುಗಳನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಬೆಸುಗೆ ಹಾಕಿ ಮಾಡಿದ್ದರು. ಚಕ್ರ ಅದರ ಮೇಲ್ಮೈಯಲ್ಲಿ ಉರುಳುತ್ತದೆ. ಅಂಚಿನ ಕೆಳಗೆ ಇನ್ನೊಂದು ಚಕ್ರವಿದ್ದು ಬಂಡಿ ಮೇಲಕ್ಕೆ ಹಾರದಂತೆ ಹಿಡಿದಿರುತ್ತದೆ. ಈ ಕೆಳಚಕ್ರ ಹೊಸದಲ್ಲ; ಜಾನ್ ಮಿಲ್ಲರ್ 1919ರಷ್ಟು ಹಿಂದೆಯೇ ಅದಕ್ಕೆ ಪೇಟೆಂಟ್ ಪಡೆದಿದ್ದನು.

ಉಕ್ಕಿನ ಹಳಿಯಿಂದ ಮತ್ತೊಂದು ಲಾಭವಿದೆ. ಹಲಗೆಯನ್ನು ಬಾಗಿಸುವುದು ಸುಲಭ, ತಿರುಚುವುದು ಕಷ್ಟ. ಉಕ್ಕನ್ನು ಕಾರ್ಖಾನೆಯಲ್ಲಿಯೇ ಬೇಕಾದಂತೆ ತಿರುಚಿ ತರಬಹುದು. ಸೀಡರ್ ಪಾಯಿಂಟಿನಲ್ಲಿ 1991ರಿಂದ ‘ಮೀನ್ ಸ್ಟ್ರೀಕ್’ ಎಂಬ 161 ಅಡಿ ಎತ್ತರದ ಮರದ ಕೋಸ್ಟರಿದ್ದಿತು. ಹಳಿಯನ್ನು ಉಳಿಸಲು ಮೊದಲ ಇಳಿಜಾರಿನಲ್ಲಿಯೇ ಬಂಡಿಗೆ ಬ್ರೇಕ್ ಹಾಕುತ್ತಿದ್ದರು. ಏರಿಸಿ ಗಳಿಸಿದ ಶಕ್ತಿಯನ್ನು ಬಂಡಿ ಇಳಿಯುವಾಗಲೇ ಶಾಖವಾಗಿ ಕಳೆಯುವುದೆಂದರೆ ಭೌತವಿಜ್ಞಾನಿಗೂ ಸಂಕಟ, ಸವಾರನಿಗೂ ಸಂಕಟ! 2016ರಲ್ಲಿ ಅದನ್ನು ಮುಚ್ಚಿ, ಹಳೆಯ ಚೌಕಟ್ಟನ್ನು ಬಳಸಿಕೊಂಡು, ಹೊಸ ಮರವನ್ನೂ ಕೂಡಿಸಿ, 2018ರಲ್ಲಿ ‘ಸ್ಟೀಲ್ ವೆಂಜೆನ್ಸ್’ ಎಂಬ ಹೆಸರಿನಿಂದ ತೆರೆದರು. ಈಗ ಎತ್ತರ 205 ಅಡಿ. ಮೊದಲ ಇಳಿತ 200 ಅಡಿ, ಅದೂ ಒಂದೆಡೆ ನೇರ ಲಂಬವಾಗಿ. ದಾರಿಯಲ್ಲಿ ನಾಲ್ಕು ಸಲ ಸವಾರರು ತಲೆಕೆಳಗಾಗುತ್ತಾರೆ. 61 ಮೀಟರ್ ಇಳಿತಕ್ಕೆ ನಮ್ಮ ಕರಿಹಲಗೆಯ ಲೆಕ್ಕದಂತೆ ಗಂಟೆಗೆ 124 ಕಿಲೋಮೀಟರ್ ವೇಗ ಬರಬೇಕು. ಪ್ರಕಟವಾಗಿರುವ ಗರಿಷ್ಠ ವೇಗ 119. ಘರ್ಷಣೆಯೂ ಗಾಳಿಯೂ ಕಿತ್ತುಕೊಂಡದ್ದು ಅಷ್ಟೆ.

ಹಾಗಾದರೆ ಮರವನ್ನೇಕೆ ಉಳಿಸಿಕೊಂಡರು? ಇರುವುದನ್ನು ಕೆಡವುವ ಖರ್ಚು ಉಳಿಯಿತೆಂಬುದು ಒಂದು ಮಾತು. ಮುಖ್ಯವಾದುದೆಂದರೆ, ಸಾವಿರಾರು ಕಂಬಗಳಿಗೆ ಹಂಚಿ ಇಳಿಯುವ ಭಾರವನ್ನು ನಾರಿನ ಉದ್ದಕ್ಕೆ ಹೊರುವ ಕೆಲಸದಲ್ಲಿ ಮರಕ್ಕೆ ಯಾವ ಕೊರತೆಯೂ ಇಲ್ಲ. ಕಂಬವೊಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಆದರೆ ಹಳಿ ಗಟ್ಟಿಯಾದಂತೆ ಅಪಾಯ ಬೇರೊಂದೆಡೆಗೆ ಸರಿಯುತ್ತದೆಂಬುದನ್ನು ಮರೆಯಲಾಗದು. ಹಳಿ ತಾಳುತ್ತದೆಂದು ದಿಬ್ಬಗಳನ್ನು ಚೂಪಾಗಿಸಿದರೆ, ದಿಬ್ಬದ ನೆತ್ತಿಯಲ್ಲಿ ಸವಾರನ ದೇಹ ಆಸನವನ್ನು ಬಿಟ್ಟು ಮೇಲೇಳುತ್ತದೆ. ಬಂಡಿಯನ್ನು ಕೆಳಚಕ್ರ ಹಿಡಿದೀತು. ಮನುಷ್ಯನನ್ನು ಹಿಡಿಯುವುದು ತೊಡೆಯ ಮೇಲಿನ ಅಡ್ಡಪಟ್ಟಿ ಮಾತ್ರ. 2013ರ ಜುಲೈನಲ್ಲಿ ಟೆಕ್ಸಾಸಿನ ಆ ಹೊಸ ಕೋಸ್ಟರಿನಿಂದಲೇ ಮಹಿಳೆಯೊಬ್ಬರು ಬಿದ್ದು ಮೃತರಾದರು. ಹಳಿಯಾಗಲಿ ಚೌಕಟ್ಟಾಗಲಿ ಮುರಿದಿರಲಿಲ್ಲ. ಅಡ್ಡಪಟ್ಟಿಯನ್ನು ಮಾರ್ಪಡಿಸಿ, ಸೊಂಟದ ಪಟ್ಟಿಯನ್ನೂ ಸೇರಿಸಿದ ಮೇಲೆ ಆ ಸೆಪ್ಟೆಂಬರಿನಲ್ಲಿ ಅದನ್ನು ಮತ್ತೆ ತೆರೆದರು.

ಇದಕ್ಕೆ ತಿರುವುಮುರುವಾದ ರಚನೆಯೂ ಒಂದುಂಟು. ಕೋನಿ ಐಲೆಂಡಿನಲ್ಲಿ 1927ರಲ್ಲಿ ಕಟ್ಟಿದ ‘ಸೈಕ್ಲೋನ್’ ಕೋಸ್ಟರಿಗೆ ಕಾಲು ಉಕ್ಕಿನದು, ಹಳಿ ಮರದ್ದು. ಹಳಿಯನ್ನು ನೋಡಿಯೇ ಜಾತಿ ಹೇಳುವುದು ರೂಢಿಯಾದ್ದರಿಂದ ಅದನ್ನು ಮರದ ಕೋಸ್ಟರೆಂದೇ ಎಣಿಸುತ್ತಾರೆ. ಅದರ ಕುಲುಕಾಟವನ್ನೇ ಮೆಚ್ಚಿ ಹತ್ತುವವರು ಬಹಳ ಮಂದಿ. ಚಳಿಗಾಲದಲ್ಲಿ ಬಂಡಿ ನಿಂತಾಗ ಬಡಗಿಗಳು ಹತ್ತಿ ಸವೆದ ಹಲಗೆಗಳನ್ನು ಕಿತ್ತು ಹೊಸವನ್ನು ಕೂಡಿಸುತ್ತಾರೆ.