ಗೇಟಿನ ಆಚೆ ಯಾರ ಜಾಗ?

ಬೆಂಗಳೂರಿನ ಬಡಾವಣೆಯೊಂದರಲ್ಲಿ ಹತ್ತು ಮನೆ ದಾಟಿ ನಡೆದು ನೋಡಿ. ಗೇಟುಗೇಟಿಗೂ ಫುಟ್‌ಪಾತ್ ಮೇಲೆ ರ‍್ಯಾಂಪ್. ಕಾರು ಸಲೀಸಾಗಿ ಒಳಗೆ ಹೋಗುತ್ತೆ. ಕೋಲು ಹಿಡಿದ ಅಜ್ಜಿ ರಸ್ತೆಗೆ ಇಳೀಬೇಕು.

ಯಾಕೆ ಹೀಗೆ? ಲೆಕ್ಕ ಹಾಕೋಣ. ಮೂವತ್ತು–ನಲವತ್ತು ಸೈಟು ಅಂದ್ರೆ 1200 ಚದರಡಿ. ಸುತ್ತ ಮೂರೇ ಮೂರು ಅಡಿ ಖಾಲಿ ಜಾಗ (ಸೆಟ್‌ಬ್ಯಾಕ್) ಬಿಟ್ಟರೂ ಕಟ್ಟೋಕೆ ಉಳಿಯೋದು 816. ಹತ್ತಿರಹತ್ತಿರ ಮೂರನೇ ಒಂದು ಪಾಲು ಹೋಯ್ತು! ಸಾಲ ಮಾಡಿ ಸೈಟು ಕೊಂಡವರಿಗೆ ಸಂಕಟ ಆಗೋದು ಸಹಜ. ಹಾಗಾಗಿ ಗೋಡೆ ಕಾಂಪೌಂಡಿಗೆ ಅಂಟುತ್ತೆ, ರ‍್ಯಾಂಪ್ ಬೀದಿಗೆ ಬರುತ್ತೆ.

ಆದ್ರೆ ಗಾಳಿ ಬೆಳಕು ಬರೋದು ಆ ಮೂರಡಿಯಿಂದಲೇ. ಬೆಂಕಿ ಬಿದ್ದಾಗ ಓಡೋ ದಾರಿಯೂ ಅದೇ.

ಸೆಟ್‌ಬ್ಯಾಕ್ ಉಲ್ಲಂಘನೆ ಮನೆಗಳಲ್ಲಿ ಶೇ. 50, ವಾಣಿಜ್ಯ ಕಟ್ಟಡಗಳಲ್ಲಿ ಶೇ. 25ರವರೆಗೆ ಇದ್ದರೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡೋಕೆ ರಾಜ್ಯ ಸರ್ಕಾರ ಹೊರಟಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಇನ್ನೂ ಬಿಗಿ ಮಾಡಿತು: ಸ್ವಾಧೀನಾನುಭವ ಪ್ರಮಾಣಪತ್ರ (ಓಸಿ) ಇಲ್ಲದಿದ್ರೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂದಿತು.

ಸಣ್ಣ ಸೈಟುಗಳಿಗೆ ಸೆಟ್‌ಬ್ಯಾಕ್ ನಿಯಮ ಸ್ವಲ್ಪ ಸಡಿಲಿಸಲಿ, ಅದು ನ್ಯಾಯ. ಫುಟ್‌ಪಾತ್ ಮಾತ್ರ ಬಿಟ್ಟುಕೊಡೋದು ಬೇಡ.

ಮನೆ ಕಟ್ಟಿಸ್ತಿದ್ದೀರಾ? ರ‍್ಯಾಂಪಿನ ಇಳಿಜಾರು ಗೇಟಿನ ಒಳಗೇ ಬರಲಿ ಅಂತ ಮೇಸ್ತ್ರಿಗೆ ಇವತ್ತೇ ಹೇಳಿ.